15 ಜನರನ್ನು ಮನೆಗೆ ಕಳಿಸೋದಾ, ಎಲ್ಲರ ಸಂಬಳಕ್ಕೂ ಕತ್ತರಿ ಹಾಕೋದಾ?

ನಡುವೆ_ಸಿಕ್ಕವನು:

ಎಲ್ಲರಿಗೂ ನಮಸ್ಕಾರ. ನೂರು ಜನ ಇರುವ ಕಂಪನಿಯಲ್ಲಿ ಆಪರೇಷನ್ಸ್ ನೋಡಿಕೊಳ್ಳುತ್ತೇನೆ. ಅರ್ಧಕ್ಕಿಂತ ಜಾಸ್ತಿ ಜನ ಶಾಪ್ ಫ್ಲೋರ್‌ನಲ್ಲಿ, ಅಂದರೆ ಮಾಲು ತಯಾರಾಗುವ ಕಡೆ ಇದ್ದಾರೆ. ಉಳಿದವರು ಡಿಸೈನ್, ಸೇಲ್ಸ್, ಅಕೌಂಟ್ಸ್. ಮಾರುಕಟ್ಟೆ ಕುಸಿದಿದೆ. ಆರ್ಡರ್ ಪೂರ್ತಿ ನಿಂತಿಲ್ಲ, ಮೊದಲಿನ ಮುಕ್ಕಾಲಕ್ಕೆ ಇಳಿದಿದೆ. ಬರಬೇಕಾದ ದುಡ್ಡೂ ತಡವಾಗಿ ಬರುತ್ತಿದೆ. ಮೊನ್ನೆ ಮಾಲೀಕರು ಕರೆದು, "ಸಂಬಳದ ಖರ್ಚು ಶೇ. 15 ಇಳಿಯಬೇಕು. ಹೇಗೆ ಅಂತ ನೀವೇ ಪ್ಲಾನ್ ಮಾಡಿ ತನ್ನಿ" ಅಂದರು.

ನನಗೆ ಕಾಣುವುದು ಎರಡೇ ದಾರಿ. 15 ಜನರನ್ನು ತೆಗೆಯುವುದು, ಇಲ್ಲ ಎಲ್ಲರಿಗೂ ಶೇ. 15 ಸಂಬಳ ಕಡಿತ ಮಾಡುವುದು. ನನ್ನ ಮನಸ್ಸು ಎರಡನೆಯದರ ಕಡೆ ಇದೆ. ಯಾರ ಹೊಟ್ಟೆಯ ಮೇಲೂ ಪೂರ್ತಿ ಹೊಡೆದ ಹಾಗಾಗುವುದಿಲ್ಲ. ನಮ್ಮ ಹೆಚ್‌ಆರ್ ಮಾತ್ರ ಖಡಾಖಂಡಿತ ಬೇಡ ಅನ್ನುತ್ತಾರೆ. "ಎಲ್ಲರಿಗೂ ಕಡಿತ ಮಾಡಿದರೆ ಒಳ್ಳೆಯವರು ಮೊದಲು ಹೋಗುತ್ತಾರೆ. ಬೇರೆ ಕಡೆ ಕೆಲಸ ಸಿಗದವರು ಉಳಿಯುತ್ತಾರೆ" ಅನ್ನುವುದು ಅವರ ವಾದ. ಅದನ್ನು ಸುಮ್ನೆ ತಳ್ಳಿಹಾಕಲೂ ಆಗುತ್ತಿಲ್ಲ. ಇದನ್ನು ಯಾವ ಕಡೆಯಿಂದಲಾದರೂ ಅನುಭವಿಸಿದವರು ಹೇಳಿ.

ಲೆಕ್ಕದ_ಮೇಷ್ಟ್ರು:

ಸರ್, ಒಳ್ಳೆಯದು ಕೆಟ್ಟದ್ದು ಆಮೇಲೆ ನೋಡೋಣ. ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. 15 ಜನರನ್ನು ತೆಗೆದರೆ ಶೇ. 15 ಉಳಿಯುತ್ತದೆ ಅಂತ ಯಾರು ಹೇಳಿದ್ದು? ಎಲ್ಲರ ಸಂಬಳವೂ ಒಂದೇ ಆಗಿದ್ದರೆ ಮಾತ್ರ ಅದು ನಿಜ. ನಿಮ್ಮಲ್ಲಿ ಯಾವ ಹಂತದಲ್ಲಿ ಎಷ್ಟು ಜನ, ಯಾರಿಗೆ ಸುಮಾರು ಎಷ್ಟು ಅಂತ ಅಂದಾಜು ಹಾಕಿ. ನಿಜವಾದ ಮೊತ್ತ ಬೇಡ, ಅನುಪಾತ ಸಾಕು.

ಎರಡನೆಯದು, ತೆಗೆದ ದಿನದಿಂದಲೇ ಉಳಿತಾಯ ಶುರುವಾಗುವುದಿಲ್ಲ. ನೋಟಿಸ್ ಅವಧಿಯ ಸಂಬಳ, ಪರಿಹಾರ, ಬಳಸದ ರಜೆಯ ದುಡ್ಡು ಎಲ್ಲ ಒಟ್ಟಿಗೆ ಕೊಡಬೇಕು. ಕೈಯಲ್ಲಿ ಕ್ಯಾಶ್ ಇಲ್ಲ ಅಂತ ತಾನೇ ಇದನ್ನೆಲ್ಲ ಮಾಡುತ್ತಿರುವುದು? ಅದೇ ತಿಂಗಳು ಜಾಸ್ತಿ ಕ್ಯಾಶ್ ಹೊರಗೆ ಹೋಗುತ್ತದೆ. ಸಂಬಳ ಕಡಿತದಲ್ಲಿ ಮೊದಲ ತಿಂಗಳಿಂದಲೇ ಉಳಿತಾಯ.

ಇನ್ನೊಂದು ಚಿಕ್ಕ ವಿಷಯ, ಆದರೆ ಬಹಳ ಜನ ಎಡವುವುದು ಇಲ್ಲೇ. 100 ಇದ್ದ ಸಂಬಳ ಶೇ. 15 ಇಳಿದರೆ 85. ಅದನ್ನು ಮತ್ತೆ 100 ಮಾಡಲು ಶೇ. 15 ಏರಿಸಿದರೆ ಸಾಲದು, ಸುಮಾರು ಶೇ. 17.6 ಏರಿಸಬೇಕು. ಶೇ. 20 ಕಡಿದರೆ ವಾಪಸ್ ಬರಲು ಶೇ. 25 ಬೇಕು. ಪತ್ರ ಬರೆಯುವಾಗ ಇದು ನೆನಪಿರಲಿ.

ಉಳಿದುಕೊಂಡವನು:

ಮೇಲಿನ ಕೊನೆಯ ಮಾತಿಗೆ ನಾನೇ ಸಾಕ್ಷಿ. ಹಿಂದಿನ ಆರ್ಥಿಕ ಹಿಂಜರಿತದಲ್ಲಿ ನಮ್ಮ ಕಂಪನಿ ಶೇ. 10 ಕಡಿತ ಮಾಡಿತು. ಪತ್ರದಲ್ಲಿ "ಪರಿಸ್ಥಿತಿ ಸುಧಾರಿಸಿದ ನಂತರ ಪರಿಶೀಲಿಸಲಾಗುವುದು" ಅಂತ ಇತ್ತು. ನಾವೆಲ್ಲ ಸಹಿ ಹಾಕಿದೆವು. ಯಾರೂ ಗಲಾಟೆ ಮಾಡಲಿಲ್ಲ. ಪಕ್ಕದವನ ಕೆಲಸ ಉಳಿಯಿತಲ್ಲ ಅನ್ನುವ ಸಮಾಧಾನ ಇತ್ತು.

ಮುಂದಿನ ವರ್ಷ ವ್ಯಾಪಾರ ಚೇತರಿಸಿಕೊಂಡಿತು. ಶೇ. 8 ಇನ್‌ಕ್ರಿಮೆಂಟ್ ಅಂತ ಪತ್ರ ಬಂತು, ಜೊತೆಗೆ ಅಭಿನಂದನೆ ಬೇರೆ. ಕಡಿತ ಆದ 90ರ ಮೇಲೆ ಶೇ. 8 ಹಾಕಿದ್ದರು. ಅಂದರೆ 97.2. ಹಳೇ ಸಂಬಳಕ್ಕಿಂತ ಇನ್ನೂ ಕಮ್ಮಿ! ಕೇಳಿದರೆ "ಕಡಿತದ ಅಧ್ಯಾಯ ಮುಗಿಯಿತು, ಇದು ಹೊಸ ವರ್ಷ" ಅಂದರು. ಆವತ್ತು ಕಂಪನಿ ಬಿಡುವ ತೀರ್ಮಾನ ಮಾಡಿದ್ದು ನಾನೊಬ್ಬನೇ ಅಲ್ಲ.

ನಡುವೆ_ಸಿಕ್ಕವನು ಅವರೇ, ನಿಮ್ಮ ಹೆಚ್‌ಆರ್ ಹೇಳಿದ್ದು ಅರ್ಧ ಸರಿ. ಒಳ್ಳೆಯವರು ಹೋಗುತ್ತಾರೆ. ಆದರೆ ಕಡಿತ ಮಾಡಿದಾಗ ಹೋಗುವುದಿಲ್ಲ. ಆಗ ಬೇರೆ ಯಾರೂ ಜನ ತೆಗೆದುಕೊಳ್ಳುತ್ತಿರುವುದಿಲ್ಲ. ಮಾರುಕಟ್ಟೆ ಎದ್ದ ಮೇಲೆ, ನೀವು ಕಡಿದದ್ದನ್ನು ವಾಪಸ್ ಕೊಡದೇ ಇದ್ದಾಗ ಹೋಗುತ್ತಾರೆ.

ಎರಡು_ಸಲ_ಹೊರಗೆ:

ನಾನು ಆ ಕಡೆಯವಳು. ಎರಡು ಸಲ ಲೇಆಫ್ ಆದವಳು. ಶೇ. 15 ಏನು, ಶೇ. 30 ಕಡಿತ ಅಂದಿದ್ದರೂ ಸಹಿ ಹಾಕಿಬಿಡುತ್ತಿದ್ದೆ. ಕೆಲಸ ಹೋದರೆ ಮತ್ತೆ ಸಿಗುವ ತನಕದ ಸಂಬಳ ಮಾತ್ರ ನಷ್ಟ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹೊಸ ಕಡೆ ಶುರುವಿನಿಂದಲೇ ಕಮ್ಮಿ ಸಂಬಳಕ್ಕೆ ಸೇರಬೇಕು. ಅಲ್ಲಿ ನೀವು ಎಲ್ಲರಿಗಿಂತ ಹೊಸಬರು. ಮುಂದಿನ ಸಲ ಪಟ್ಟಿ ಮಾಡಿದರೆ ನಿಮ್ಮ ಹೆಸರೇ ಮೊದಲು. ನನಗೆ ಎರಡನೆಯ ಸಲ ಆದದ್ದು ಅದೇ.

ಪೇಪರ್_ಓದುವವಳು:

ಮೇಡಂ ಹೇಳಿದ್ದಕ್ಕೆ ಅಧ್ಯಯನದ ಬೆಂಬಲವೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1980ರ ದಶಕದ ಶುರುವಿನಲ್ಲಿ ಕೆಲಸ ಕಳೆದುಕೊಂಡ ಹಳಬರ ಸಂಪಾದನೆಯನ್ನು ಜೇಕಬ್ಸನ್, ಲಾಲಾಂಡ್, ಸಲಿವನ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. 1993ರಲ್ಲಿ ಅದು ಪ್ರಕಟವಾಯಿತು. ಕೆಲಸ ಹೋಗಿ ಐದಾರು ವರ್ಷ ಆದ ಮೇಲೂ ಅವರ ಸಂಪಾದನೆ ಸುಮಾರು ಶೇ. 25 ಕಮ್ಮಿಯೇ ಇತ್ತು. ಅದೇ ರಾಜ್ಯದ ದಾಖಲೆ ಇಟ್ಟುಕೊಂಡು ಸಲಿವನ್ ಮತ್ತು ಫಾನ್ ವಾಖ್ಟರ್ 2009ರಲ್ಲಿ ಇನ್ನೊಂದು ಲೆಕ್ಕ ತೆಗೆದರು. ಬಹಳ ವರ್ಷ ಒಂದೇ ಕಡೆ ದುಡಿದ ಗಂಡಸರು ಹಾಗೆ ಕೆಲಸ ಕಳೆದುಕೊಂಡರೆ, ನಂತರದ ವರ್ಷದಲ್ಲಿ ಅವರ ಸಾವಿನ ಪ್ರಮಾಣ ಶೇ. 50ರಿಂದ 100ರಷ್ಟು ಹೆಚ್ಚಿತ್ತು.

ಇಷ್ಟಾದರೂ ಕಂಪನಿಗಳು ಸಂಬಳ ಕಡಿತಕ್ಕಿಂತ ಲೇಆಫನ್ನೇ ಯಾಕೆ ಆರಿಸುತ್ತವೆ? ಯೇಲ್ ವಿಶ್ವವಿದ್ಯಾಲಯದ ಟ್ರೂಮನ್ ಬ್ಯೂಲಿ ಇದನ್ನೇ ಕೇಳಿಕೊಂಡು ಹೊರಟವರು. 1990ರ ದಶಕದ ಶುರುವಿನ ಹಿಂಜರಿತದಲ್ಲಿ 300ಕ್ಕೂ ಹೆಚ್ಚು ಜನರ ಜೊತೆ ಕೂತು ಮಾತಾಡಿದರು. ಮಾಲೀಕರು, ಮ್ಯಾನೇಜರ್‌ಗಳು, ಕಾರ್ಮಿಕ ಮುಖಂಡರು, ಎಲ್ಲರೂ ಇದ್ದರು. ಅವರಿಗೆ ಮತ್ತೆ ಮತ್ತೆ ಸಿಕ್ಕ ಉತ್ತರದ ಸಾರ ಇಷ್ಟು: ತೆಗೆದವನ ದುಃಖ ಅವನ ಜೊತೆ ಗೇಟು ದಾಟುತ್ತದೆ, ಸಂಬಳ ಕಡಿದವನ ದುಃಖ ದಿನಾ ಬೆಳಿಗ್ಗೆ ಒಳಗೆ ಬಂದು ಕೂರುತ್ತದೆ. ಕ್ರೂರ ಅನ್ನಿಸುತ್ತದೆ. ಆದರೆ ಅಷ್ಟು ಜನ ಮ್ಯಾನೇಜರ್‌ಗಳು ನಿಜ ಹೇಳಿದ್ದಾರೆ ಅಂತಲೇ ನನ್ನ ಅನಿಸಿಕೆ.

ಗೇಟ್_ಪಾಸ್:

ಸುಲಭದ ಪ್ರಶ್ನೆ. ಮಾಲೀಕರು ತಮ್ಮದು ಎಷ್ಟು ಬಿಡುತ್ತಾರಂತೆ?

ನಡುವೆ_ಸಿಕ್ಕವನು:

ಕೇಳಿದೆ. ತಮ್ಮ ಸಂಬಳದಲ್ಲಿ ಅರ್ಧ ಬಿಡಲು ತಯಾರಿದ್ದಾರೆ.

ಮೇಷ್ಟ್ರು ಕೇಳಿದ ಅಂದಾಜು ಇಲ್ಲಿದೆ. ಕೆಳಗಿನ ಹಂತದಲ್ಲಿ 60 ಜನ, ಒಬ್ಬೊಬ್ಬರಿಗೆ 30 ಅಂತ ಇಟ್ಟುಕೊಳ್ಳಿ. ನಡುವಿನ ಹಂತದಲ್ಲಿ 30 ಜನ, ತಲಾ 70. ಮೇಲಿನ ಹಂತದಲ್ಲಿ 10 ಜನ, ತಲಾ 210. ಆ ಹತ್ತರಲ್ಲಿ ನಾನೂ ಒಬ್ಬ. ಮಾಲೀಕರದು ಬೇರೆ, 300.

ಲೆಕ್ಕದ_ಮೇಷ್ಟ್ರು:

ಈಗ ಸರಿ. ಕೆಳಗಿನ ಹಂತಕ್ಕೆ 1800, ನಡುವಿನದಕ್ಕೆ 2100, ಮೇಲಿನದಕ್ಕೆ 2100. ಒಟ್ಟು 6000. ಮಾಲೀಕರದೂ ಸೇರಿದರೆ 6300. 6000ಕ್ಕೆ ಶೇ. 15 ಅಂದರೆ 900 ಉಳಿಸಬೇಕು.

ಲೇಆಫ್ ಅಂದ ತಕ್ಷಣ ಕೈ ಹೋಗುವುದು ಕೆಳಗಿನ ಹಂತಕ್ಕೆ. ಅಲ್ಲಿಂದ 15 ಜನರನ್ನು ತೆಗೆದರೆ ಉಳಿಯುವುದು ಬರೀ 450, ಅಂದರೆ ಶೇ. 7.5. ನಿಮಗೆ ಬೇಕಾದ 900 ಬರಬೇಕಾದರೆ 30 ಜನರನ್ನು ತೆಗೆಯಬೇಕು! ಶಾಪ್ ಫ್ಲೋರ್‌ನ ಅರ್ಧ ಖಾಲಿ. ಆಮೇಲೆ ಆ ಮುಕ್ಕಾಲು ಆರ್ಡರನ್ನು ಮಾಡಿಕೊಡುವವರು ಯಾರು? ಒಬ್ಬೊಬ್ಬರಿಗೆ ಮೂರು ತಿಂಗಳ ಸಂಬಳ ಕೊಟ್ಟು ಕಳಿಸಿದಿರಿ ಅಂತಿಟ್ಟುಕೊಂಡರೂ ಮೊದಲ ಮೂರು ತಿಂಗಳ ಉಳಿತಾಯ ಸೊನ್ನೆ.

ಇನ್ನು ಎಲ್ಲರಿಗೂ ಒಂದೇ ಸಮ ಶೇ. 15 ಅನ್ನುವುದು ನೋಡಲು ನ್ಯಾಯವಾಗಿ ಕಾಣುತ್ತದೆ. 30 ತೆಗೆದುಕೊಳ್ಳುವವನಿಗೆ ಅದು ಬಾಡಿಗೆಯ ದುಡ್ಡು. 210 ತೆಗೆದುಕೊಳ್ಳುವವನಿಗೆ ಉಳಿತಾಯದ ದುಡ್ಡು. ಹೀಗೆ ಮಾಡಿ ನೋಡಿ:

ಕೆಳಗಿನ 60 ಜನಕ್ಕೆ ಕಡಿತ ಇಲ್ಲ.
ನಡುವಿನ 30 ಜನಕ್ಕೆ ಶೇ. 10. ಉಳಿಯುವುದು 210.
ಮೇಲಿನ 10 ಜನಕ್ಕೆ ಶೇ. 30. ಉಳಿಯುವುದು 630.
ಮಾಲೀಕರ ಅರ್ಧ 150.

ಒಟ್ಟು 990. ನಿಮಗೆ ಬೇಕಾದದ್ದಕ್ಕಿಂತ ಜಾಸ್ತಿ. ಅರವತ್ತು ಜನಕ್ಕೆ ಬಿಸಿ ತಾಗುವುದೇ ಇಲ್ಲ, ಒಬ್ಬರೂ ಹೊರಗೆ ಹೋಗಬೇಕಿಲ್ಲ. ಆ ಜಾಸ್ತಿಯಾದ 90 ಎಲ್ಲಿ ಬಿಡಬೇಕು ಅಂತ ನೀವೇ ನೋಡಿಕೊಳ್ಳಿ. ನಾನಾದರೆ ನಡುವಿನವರಿಗೆ ಶೇ. 6ಕ್ಕೆ ಇಳಿಸುತ್ತಿದ್ದೆ. ಆಗಲೂ 906 ಆಗುತ್ತದೆ.

ಸೇಲ್ಸ್_ಸೀನಿಯರ್:

ಚಪ್ಪಾಳೆ ತಟ್ಟುವ ಮೊದಲು ಆ ಹತ್ತು ಜನರ ಜಾಗದಲ್ಲಿ ನಿಂತು ನೋಡಿ. ನಾನು ಬೇರೆ ಕಂಪನಿಯಲ್ಲಿ ಅಂಥ ಹಂತದಲ್ಲೇ ಇದ್ದೇನೆ. ಶೇ. 30 ಅಂದರೆ ಮೂರನೇ ಒಂದು ಭಾಗದ ಹತ್ತಿರ. ಸಂಬಳ ಜಾಸ್ತಿ ಇದ್ದವರ ಮನೆಯಲ್ಲಿ ದುಡ್ಡು ಸುಮ್ನೆ ಬಿದ್ದಿರುತ್ತದೆ ಅನ್ನುವುದು ನಿಮ್ಮ ಕಲ್ಪನೆ. ಸಂಬಳಕ್ಕೆ ತಕ್ಕ ಹಾಗೆ ಸಾಲ ಮಾಡಿರುತ್ತೇವೆ. ಇಎಂಐಗೆ ಹಿಂಜರಿತ ಗೊತ್ತಿಲ್ಲ.

ಇನ್ನೊಂದು ಮಾತು, ಕಹಿ ಅನ್ನಿಸಬಹುದು. ಈ ಹೊತ್ತಿನಲ್ಲಿ ಕಂಪನಿಗೆ ಆರ್ಡರ್ ತರುವವರು ಆ ಹತ್ತರಲ್ಲಿ ಮೂರೋ ನಾಲ್ಕೋ ಜನ. ಅವರ ಸಂಬಳವನ್ನೇ ಎಲ್ಲರಿಗಿಂತ ಜಾಸ್ತಿ ಕಡಿದು, ಅವರಿಂದಲೇ ಜಾಸ್ತಿ ಓಡಾಟ ಬಯಸುತ್ತೀರಿ. ಒಬ್ಬ ಹೋದರೆ ಅವನ ಜೊತೆ ಇಬ್ಬರು ಗಿರಾಕಿಗಳೂ ಹೋಗುತ್ತಾರೆ. ಆಗ ನಿಮ್ಮ ಅರವತ್ತು ಜನಕ್ಕೆ ಕೆಲಸ ಎಲ್ಲಿಂದ ಬರುತ್ತದೆ?

ಉಳಿದುಕೊಂಡವನು:

ಸರ್ ಹೇಳುವುದರಲ್ಲಿ ತಿರುಳಿದೆ. ಆದರೆ ಪರಿಹಾರವೂ ಅಲ್ಲೇ ಇದೆ ಅಲ್ವಾ? ಅವರಿಗೆ ಆ ಶೇ. 30ರಲ್ಲಿ ಅರ್ಧವನ್ನು ಕಡಿತ ಅಂತ ಮಾಡಿ, ಉಳಿದರ್ಧವನ್ನು ಮುಂದೂಡಿದ ಸಂಬಳ ಅಂತ ಬರೆದುಕೊಡಿ. ಕಂಪನಿ ಅವರಿಗೆ ಸಾಲಗಾರ ಆಗುತ್ತದೆ. ಲಾಭ ಬಂದ ಮೊದಲ ತ್ರೈಮಾಸಿಕದಲ್ಲಿ ಅದನ್ನು ತೀರಿಸಬೇಕು. ಇಂದು ಕೈಯಲ್ಲಿ ದುಡ್ಡಿಲ್ಲ ಅನ್ನುವುದಷ್ಟೇ ಸಮಸ್ಯೆಯಾದರೆ ಮುಂದೂಡಿದರೆ ಸಾಕು, ಕಿತ್ತುಕೊಳ್ಳುವ ಅಗತ್ಯ ಇಲ್ಲ.

ಸಣ್ಣ_ಮಾಲೀಕಳು:

ಮುಂದೂಡಿದ ಸಂಬಳ ಕೇಳಲು ಚೆನ್ನಾಗಿದೆ. ಪುಸ್ತಕದಲ್ಲಿ ಅದು ಸಾಲವಾಗಿ ಕೂರುತ್ತದೆ. ಬ್ಯಾಂಕಿನವರು ಅದನ್ನೂ ನೋಡುತ್ತಾರೆ. ಕಂಪನಿ ಮುಳುಗಿದರೆ ಆ ದುಡ್ಡು ಪೂರ್ತಿ ಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಮಾಡಬೇಡಿ ಅನ್ನುತ್ತಿಲ್ಲ, ಈ ಮಾತನ್ನು ಅವರ ಮುಂದೆ ಮುಚ್ಚಿಡಬೇಡಿ.

ಸಂಬಳಕ್ಕೆ ಕೈ ಹಾಕುವ ಮೊದಲು ಬೇರೆ ಏನೇನು ನಿಲ್ಲಿಸಿದ್ದೀರಿ ಅಂತ ನೀವು ಹೇಳಲೇ ಇಲ್ಲ. ಓವರ್‌ಟೈಮ್ ನಿಂತಿದೆಯಾ? ಖಾಲಿ ಹುದ್ದೆಗೆ ಜನ ತೆಗೆದುಕೊಳ್ಳುವುದು ನಿಂತಿದೆಯಾ? ಬರಬೇಕಾದ ದುಡ್ಡಿಗೆ ಒಬ್ಬರನ್ನು ಪೂರ್ತಿ ಬಿಟ್ಟಿದ್ದೀರಾ? ನಮ್ಮಲ್ಲಿ ಹಳೇ ಬಾಕಿ ವಸೂಲಿಗೆ ಒಬ್ಬರನ್ನು ಕೂರಿಸಿದ ಮೇಲೆ ಕಡಿತದ ಅಗತ್ಯವೇ ಅರ್ಧ ಆಯಿತು. ಜನ ಇದನ್ನೆಲ್ಲ ನೋಡುತ್ತಿರುತ್ತಾರೆ. ಮೀಟಿಂಗ್ ರೂಮಿನಲ್ಲಿ ಸಂಬಳ ಕಡಿತ ಘೋಷಿಸುತ್ತಾ, ರಿಸೆಪ್ಷನ್‌ನಲ್ಲಿ ಹೊಸ ಸೋಫಾ ಇಳಿಸಿಕೊಳ್ಳುವ ಕಂಪನಿಗಳಿವೆ.

ನಡುವೆ_ಸಿಕ್ಕವನು:

ಓವರ್‌ಟೈಮ್ ನಿಂತಿದೆ. ಹೊಸಬರನ್ನು ತೆಗೆದುಕೊಳ್ಳುವುದೂ ನಿಂತಿದೆ. ಎಂಟು ಜನ ಕಾಂಟ್ರ್ಯಾಕ್ಟ್‌ನವರನ್ನು ಮುಂದಿನ ತಿಂಗಳಿಂದ ಬೇಡ ಅಂತ ಹೇಳುವ ಯೋಚನೆ ಇದೆ. ಬಾಕಿ ವಸೂಲಿ ವಿಷಯ ಒಳ್ಳೆಯ ಮಾತು, ಬರೆದುಕೊಂಡೆ.

ಗೇಟ್_ಪಾಸ್:

ಆ ಎಂಟು ಜನರನ್ನು ಬೇಡ ಅಂದರೆ ಅದು ಲೇಆಫ್ ಅಲ್ವಾ? ನೂರರ ಲೆಕ್ಕದಲ್ಲಿ ಅವರಿಲ್ಲ, ಅಷ್ಟೇ. ನಾನು ಅಂಥ ಒಬ್ಬ. ನಿಮ್ಮ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿರಲ್ಲ, ನಿಮ್ಮ ಮಷಿನ್ ಮುಂದೆ ನಾನೇ ನಿಂತಿರುತ್ತೇನೆ. "ಒಬ್ಬರನ್ನೂ ತೆಗೆಯದೆ ಹಿಂಜರಿತ ದಾಟಿದೆವು" ಅಂತ ಹೇಳಿಕೊಳ್ಳುವ ಕಂಪನಿಗಳಲ್ಲಿ ಎಷ್ಟು ಕಡೆ ನಮ್ಮನ್ನು ಲೆಕ್ಕಕ್ಕೆ ಹಿಡಿದಿದ್ದಾರೋ ನೋಡಬೇಕು.

ಶಿಫ್ಟ್_ಮೇಲ್ವಿಚಾರಕ:

ಇದಕ್ಕೆ ನನ್ನ ಹತ್ತಿರವೂ ಒಳ್ಳೆಯ ಉತ್ತರ ಇಲ್ಲ. ಆದರೆ ಇನ್ನೊಂದು ದಾರಿಯನ್ನು ಇಲ್ಲಿ ಯಾರೂ ಎತ್ತಿಲ್ಲ. ಕೆಲಸವೇ ಮುಕ್ಕಾಲು ಆಗಿರುವಾಗ ಪೂರ್ತಿ ದಿನ ಕೂರಿಸಿಕೊಂಡು ಸಂಬಳ ಕಡಿಯುವುದು ಯಾಕೆ? ಸಂಬಳದ ಜೊತೆ ಕೆಲಸದ ಹೊತ್ತನ್ನೂ ಕಡಿಮೆ ಮಾಡಿ. ಕಡಿತಕ್ಕೆ ಬದಲಾಗಿ ಕೈಗೆ ಏನೋ ಒಂದು ಸಿಕ್ಕ ಹಾಗಾಗುತ್ತದೆ.

ಹೆವ್ಲೆಟ್ ಪ್ಯಾಕರ್ಡ್ ಕಂಪನಿ 1970ರಲ್ಲಿ ಮಾಡಿದ್ದು ಇದೇ. ಆರ್ಡರ್ ಕುಸಿದಾಗ ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಶೇ. 10 ಸಂಬಳ ಕಮ್ಮಿ, ಎರಡು ವಾರಕ್ಕೊಂದು ಶುಕ್ರವಾರ ರಜೆ. ಸುಮಾರು ಆರು ತಿಂಗಳಲ್ಲಿ ಆರ್ಡರ್ ವಾಪಸ್ ಬಂತು, ಸಂಬಳವೂ ಬಂತು. ಜರ್ಮನಿಯ ಕಾರು ಕಂಪನಿ ಫೋಕ್ಸ್‌ವಾಗನ್ 1993ರ ಕೊನೆಯಲ್ಲಿ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡು ವಾರದ ಕೆಲಸವನ್ನು 36 ಗಂಟೆಯಿಂದ 28.8 ಗಂಟೆಗೆ ಇಳಿಸಿತು. ಸುಮಾರು 30,000 ಜನರ ಕೆಲಸ ಹೋಗಬೇಕಿತ್ತು, ಉಳಿಯಿತು. ವರ್ಷಕ್ಕೊಮ್ಮೆ ಕೊಡುವ ಬೋನಸ್ಸನ್ನು ತಿಂಗಳ ಸಂಬಳಕ್ಕೆ ಹಂಚಿದ್ದರಿಂದ ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು ಹೆಚ್ಚು ಬದಲಾಗಲಿಲ್ಲ. ಅದು ಜಾಣತನ. ಬಾಡಿಗೆ, ಕಂತು ಎಲ್ಲ ತಿಂಗಳ ಲೆಕ್ಕದಲ್ಲೇ ಓಡುವುದು.

ಜರ್ಮನಿಯಲ್ಲಿ ಸರ್ಕಾರವೇ ಇದಕ್ಕೆ ಕೈಜೋಡಿಸುತ್ತದೆ. ಅಲ್ಲಿ ಈ ವ್ಯವಸ್ಥೆಗೆ ಕುರ್ಟ್ಸ್‌ಆರ್ಬೈಟ್ ಅಂತ ಹೆಸರು. ಕಂಪನಿ ಕೆಲಸದ ಗಂಟೆ ಇಳಿಸಿದರೆ, ಹೋದ ನಿವ್ವಳ ಸಂಬಳದ ಶೇ. 60ರಷ್ಟನ್ನು ಸಾರ್ವಜನಿಕ ನಿಧಿ ತುಂಬಿಕೊಡುತ್ತದೆ. ಮಕ್ಕಳಿದ್ದವರಿಗೆ ಶೇ. 67. 2009ರಲ್ಲಿ ಅಲ್ಲಿನ ಆರ್ಥಿಕತೆ ಶೇ. 5ರಷ್ಟು ಕುಸಿಯಿತು. ಒಂದು ಹಂತದಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಈ ವ್ಯವಸ್ಥೆಯಲ್ಲಿದ್ದರು. ನಿರುದ್ಯೋಗ ಹೆಚ್ಚು ಏರಲೇ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ನಿರುದ್ಯೋಗ ಶೇ. 10 ಮುಟ್ಟಿತ್ತು.

ಲಿಂಕನ್ ಎಲೆಕ್ಟ್ರಿಕ್ ಅನ್ನುವ ವೆಲ್ಡಿಂಗ್ ಉಪಕರಣದ ಕಂಪನಿಯದು ಇನ್ನೂ ಸ್ವಾರಸ್ಯ. 1958ರಿಂದ ಲೇಆಫ್ ಮಾಡುವುದಿಲ್ಲ ಅನ್ನುವ ಮಾತು ಕೊಟ್ಟಿದ್ದರು. 1980ರ ದಶಕದ ಶುರುವಿನಲ್ಲಿ ವ್ಯಾಪಾರ ನೆಲ ಕಚ್ಚಿದಾಗ ಗಂಟೆ ಇಳಿಸಿದರು, ಕಾರ್ಖಾನೆಯ ಕೆಲಸಗಾರರಲ್ಲಿ ಕೆಲವರನ್ನು ಮಾರಾಟಕ್ಕೆ ಕಳಿಸಿದರು. ವೆಲ್ಡಿಂಗ್ ಮಷಿನ್ ಮಾಡುವವನೇ ಹೋಗಿ ಮಾರಿದರೆ ಗಿರಾಕಿಯ ಪ್ರಶ್ನೆಗೆ ಅವನಿಗಿಂತ ಚೆನ್ನಾಗಿ ಉತ್ತರ ಕೊಡುವವರು ಯಾರು?

ಸೇಲ್ಸ್_ಸೀನಿಯರ್:

ಮೆಷಿನಿಸ್ಟ್ ಬಂದು ನನ್ನ ಕೆಲಸ ಮಾಡಿದರೆ ನನಗೆ ಬೇಜಾರಿಲ್ಲ. ಜೊತೆಗೆ ಆ ಶೇ. 30 ಕಡಿತವನ್ನೂ ತೆಗೆದುಕೊಂಡು ಹೋಗಲಿ. (ತಮಾಷೆಗೆ ಹೇಳಿದೆ.)

ಬಾಗಿಲು_ಹಾಕಿದ_ಯೂನಿಟ್:

ಎಲ್ಲರೂ ಲೇಆಫ್ ಅಂದರೆ ಪಾಪ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಸ್ವಲ್ಪ ತಡೆಯಿರಿ. ಇಲ್ಲಿ ಹೇಳಿದ ಉದಾಹರಣೆಗಳಲ್ಲೆಲ್ಲ ವ್ಯಾಪಾರ ವಾಪಸ್ ಬಂತು. ಬರದೇ ಇದ್ದರೆ?

ನಾನಿದ್ದ ಕಡೆ ಎರಡು ಲೈನ್ ಇತ್ತು. ಒಂದು ಚೆನ್ನಾಗಿ ಓಡುತ್ತಿತ್ತು. ಇನ್ನೊಂದರಲ್ಲಿ ಮಾಡುತ್ತಿದ್ದ ವಸ್ತುವನ್ನು ಜನ ಕೊಳ್ಳುವುದೇ ಬಿಟ್ಟಿದ್ದರು. ಹಿಂಜರಿತ ಬಂದದ್ದು ನೆಪ ಅಷ್ಟೇ. ಹಿಂಜರಿತ ಹೋದರೂ ಆ ಗಿರಾಕಿ ವಾಪಸ್ ಬರುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಎಲ್ಲರಿಗೂ ಕಡಿತ ಮಾಡಿ ಎರಡೂ ಲೈನ್ ಉಳಿಸಿಕೊಂಡರು. ಓಡುತ್ತಿದ್ದ ಲೈನ್‌ನ ಒಳ್ಳೆಯ ಕೈಗಳು ಒಂದೊಂದಾಗಿ ಬೇರೆ ಕಡೆ ಹೋದವು. ಕೊನೆಗೆ ಎರಡೂ ಮುಚ್ಚಿತು. ಶುರುವಿನಲ್ಲೇ ಕೈಯಲ್ಲಿ ದುಡ್ಡಿರುವಾಗ ಆ ಒಂದು ಲೈನ್ ನಿಲ್ಲಿಸಿ, ಅಲ್ಲಿನವರಿಗೆ ಗೌರವವಾಗಿ ಪರಿಹಾರ ಕೊಟ್ಟು ಕಳಿಸಬಹುದಿತ್ತು. ಮುಚ್ಚುವಾಗ ಯಾರಿಗೂ ಏನೂ ಸಿಗಲಿಲ್ಲ.

ಹಾಗಾಗಿ ನನ್ನ ಪ್ರಶ್ನೆ ನಡುವೆ_ಸಿಕ್ಕವನು ಅವರಿಗೆ: ಹೋದ ಆ ಕಾಲು ಭಾಗ ಆರ್ಡರ್ ಮುಂದಕ್ಕೆ ಹೋಗಿದೆಯಾ, ಇಲ್ಲ ಬೇರೆ ಕಡೆ ಹೋಗಿದೆಯಾ? ಗಿರಾಕಿಗೆ ಫೋನ್ ಮಾಡಿ ಕೇಳಿದ್ದೀರಾ? ಈ ಉತ್ತರ ಇಲ್ಲದೆ ಇಲ್ಲಿಯ ಯಾವ ಸಲಹೆಗೂ ಬೆಲೆ ಇಲ್ಲ.

ನಡುವೆ_ಸಿಕ್ಕವನು:

ನೀವು ಕೇಳಿದ ಮೇಲೆ ಈ ಎರಡು ದಿನ ಅದನ್ನೇ ಮಾಡಿದೆ. ದೊಡ್ಡ ಗಿರಾಕಿಗಳಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಮುಂದೂಡಿದ್ದೇವೆ ಅಂದರು. ಅವರ ಗೋದಾಮಿನಲ್ಲಿ ನಮ್ಮ ಹಳೇ ಮಾಲೇ ಇದೆ, ಅದು ಖಾಲಿಯಾಗಬೇಕು. ಆ ಒಬ್ಬರು ಮಾತ್ರ ಬೇರೆ ತಂತ್ರಜ್ಞಾನಕ್ಕೆ ಹೋಗಿದ್ದಾರೆ. ಅವರಿಗಾಗಿಯೇ ಕೆಲಸ ಮಾಡುವ ಒಂದು ಸಣ್ಣ ಸೆಕ್ಷನ್ ಇದೆ, ನಾಲ್ಕು ಜನ. ಅವರಿಗೆ ಬೇರೆ ಸೆಕ್ಷನ್‌ನಲ್ಲಿ ಜಾಗ ಮಾಡಬೇಕು.

ಪೇಪರ್_ಓದುವವಳು:

ಹಾಗಿದ್ದರೆ ಕಡಿತದ ದಾರಿಗೇ ನನ್ನ ಮತ. ಲೇಆಫ್ ಮಾಡಿದರೆ ಉಳಿದವರು ನಿಶ್ಚಿಂತೆಯಿಂದ ಕೂರುತ್ತಾರೆ ಅನ್ನುವುದು ಸುಳ್ಳು. ಟ್ರೆವರ್ ಮತ್ತು ನೈಬರ್ಗ್ ಅನ್ನುವವರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇ. 1ರಷ್ಟು ಜನರನ್ನು ತೆಗೆದ ಕಂಪನಿಯಲ್ಲೂ ತಾವಾಗಿಯೇ ಬಿಟ್ಟು ಹೋಗುವವರ ಪ್ರಮಾಣ ಸುಮಾರು ಶೇ. 31 ಹೆಚ್ಚುತ್ತದೆ. ವರ್ಷಕ್ಕೆ ಹತ್ತು ಜನ ಬಿಡುತ್ತಿದ್ದ ಕಡೆ ಹದಿಮೂರು ಜನ ಬಿಡುತ್ತಾರೆ ಅಂತ ಅರ್ಥ. ನಿಮ್ಮ ಹೆಚ್‌ಆರ್‌ಗೆ ತೋರಿಸಿ.

ಹೇಗೆ ಹೇಳುತ್ತೀರಿ ಅನ್ನುವುದರ ಮೇಲೂ ಬಹಳ ನಿಂತಿದೆ. ಜೆರಾಲ್ಡ್ ಗ್ರೀನ್‌ಬರ್ಗ್ ಅನ್ನುವ ಸಂಶೋಧಕರು ಒಂದೇ ಕಂಪನಿಯ ಮೂರು ಕಾರ್ಖಾನೆ ನೋಡಿದರು, 1990ರಲ್ಲಿ ಬರೆದರು. ಎರಡರಲ್ಲಿ ಹತ್ತು ವಾರ ಶೇ. 15 ಸಂಬಳ ಕಡಿತ, ಮೂರನೆಯದರಲ್ಲಿ ಇಲ್ಲ. ಒಂದು ಕಡೆ ಮುಖ್ಯಸ್ಥರು ಒಂದೂವರೆ ಗಂಟೆ ನಿಂತು, ಲೆಕ್ಕ ತೋರಿಸಿ, ಬೇಸರ ಹೇಳಿಕೊಂಡು, ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟರು. ಇನ್ನೊಂದು ಕಡೆ ಕಾಲು ಗಂಟೆಯಲ್ಲಿ ಸುದ್ದಿ ಹೇಳಿ ಮುಗಿಸಿದರು. ಕಳ್ಳತನ ಎರಡೂ ಕಡೆ ಹೆಚ್ಚಿತು. ಆದರೆ ಕಾಲು ಗಂಟೆಯ ಕಾರ್ಖಾನೆಯಲ್ಲಿ ಅದು ಬಹಳ ಜಾಸ್ತಿ. ಬಿಟ್ಟು ಹೋದವರೂ ಅಲ್ಲೇ ಹೆಚ್ಚು. ಕಡಿತ ಒಂದೇ, ಅವಧಿ ಒಂದೇ.

ಲೆಕ್ಕದ_ಮೇಷ್ಟ್ರು:

ಇದನ್ನು ಓದಿದಾಗ ಕಾನೆಮನ್, ನೆಚ್, ಥೇಲರ್ ಅನ್ನುವ ಮೂವರು ಸಂಶೋಧಕರು 1986ರಲ್ಲಿ ಪ್ರಕಟಿಸಿದ ಸಮೀಕ್ಷೆ ನೆನಪಾಯಿತು. ಬೆಲೆ ಏರಿಕೆ ಇಲ್ಲದಾಗ ಕಂಪನಿ ಶೇ. 7 ಸಂಬಳ ಕಡಿದರೆ ಹೇಗೆ ಅಂತ ಕೇಳಿದರೆ ಶೇ. 62 ಜನ ಅನ್ಯಾಯ ಅಂದರು. ಬೆಲೆ ಶೇ. 12 ಏರಿದಾಗ ಸಂಬಳ ಶೇ. 5 ಮಾತ್ರ ಏರಿಸಿದರೆ ಅನ್ಯಾಯ ಅಂದವರು ಶೇ. 22 ಮಾತ್ರ. ಜೇಬಿಗೆ ಆದ ನಷ್ಟ ಹೆಚ್ಚು ಕಡಿಮೆ ಒಂದೇ! ಬೆಲೆ ಏರುತ್ತಿರುವ ಕಾಲವಾದರೆ ಇನ್‌ಕ್ರಿಮೆಂಟ್ ನಿಲ್ಲಿಸಿಯೇ ಅರ್ಧ ಕೆಲಸ ಮುಗಿಸಬಹುದು. ಮಾಲೀಕರಿಗೆ ಇದು ಗೊತ್ತು, ನೌಕರರಿಗೂ ಗೊತ್ತಿರಲಿ.

ಶಿಫ್ಟ್_ಮೇಲ್ವಿಚಾರಕ:

ಎಲ್ಲರನ್ನೂ ಕೂರಿಸಿ ಓಟಿಗೆ ಹಾಕಬಾರದಾ? ಕಡಿತ ಬೇಕೋ, ಲೇಆಫ್ ಬೇಕೋ ಅಂತ ಜನರೇ ಹೇಳಲಿ.

ಎರಡು_ಸಲ_ಹೊರಗೆ:

ದಯವಿಟ್ಟು ಬೇಡ. ಪಟ್ಟಿಯಲ್ಲಿ ಯಾರಿರುತ್ತಾರೆ ಅಂತ ಎಲ್ಲರಿಗೂ ಒಳಗೊಳಗೇ ಗೊತ್ತಿರುತ್ತದೆ. ಕೊನೆಗೆ ಸೇರಿದವರು, ಹೆರಿಗೆ ರಜೆ ಮುಗಿಸಿ ಬಂದವರು, ಮ್ಯಾನೇಜರ್ ಜೊತೆ ಸರಿ ಇಲ್ಲದವರು. ಹಳಬರಿಗೆ ತಮ್ಮ ಕುರ್ಚಿ ಭದ್ರ ಅಂತ ಗೊತ್ತು. ಅವರು ಲೇಆಫ್‌ಗೇ ಓಟು ಹಾಕುತ್ತಾರೆ. ನೂರರಲ್ಲಿ ಎಂಬತ್ತು ಜನ ಸೇರಿ ಇಪ್ಪತ್ತು ಜನರನ್ನು ಹೊರಗೆ ಹಾಕಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಓಟು ಬೇಕೇ ಬೇಕು ಅಂದರೆ ಒಂದು ಷರತ್ತು: ಲೇಆಫ್ ಗೆದ್ದರೆ ಹೆಸರನ್ನು ಚೀಟಿ ಎತ್ತಿ ಆರಿಸುತ್ತೇವೆ ಅಂತ ಮೊದಲೇ ಹೇಳಿ. ಆಮೇಲೆ ನೋಡಿ ಓಟು ಯಾವ ಕಡೆ ಬೀಳುತ್ತದೆ ಅಂತ.

ನಡುವೆ_ಸಿಕ್ಕವನು:

ಓಟು ಇಲ್ಲ. ಕರಡು ಬರೆದಿದ್ದೇನೆ, ತಪ್ಪಿದ್ದರೆ ಹೇಳಿ.

"ಕೆಳಗಿನ ಹಂತಕ್ಕೆ ಕಡಿತ ಇಲ್ಲ. ನಡುವಿನ ಹಂತಕ್ಕೆ ಶೇ. 6, ತಿಂಗಳಿಗೆ ಒಂದು ದಿನ ಹೆಚ್ಚುವರಿ ರಜೆ. ಮೇಲಿನ ಹಂತಕ್ಕೆ ಶೇ. 30, ಅದರಲ್ಲಿ ಅರ್ಧ ಮುಂದೂಡಿದ ಸಂಬಳ. ಮಾಲೀಕರಿಗೆ ಶೇ. 50. ಈ ಅವಧಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಪರಿಸ್ಥಿತಿ ಸುಧಾರಿಸಿದಾಗ ಹಳೇ ಸಂಬಳ ಮರಳುತ್ತದೆ."

ಉಳಿದುಕೊಂಡವನು:

ಕೊನೆಯ ಸಾಲು ಅಳಿಸಿಬಿಡಿ. ನನಗೆ ಬಂದ ಪತ್ರದಲ್ಲೂ ಇದೇ ಇತ್ತು. ಪರಿಸ್ಥಿತಿ ಸುಧಾರಿಸಿತು ಅಂತ ಯಾರು ತೀರ್ಮಾನಿಸುತ್ತಾರೆ? ತಾರೀಖು ಹಾಕಿ. "ಆರು ತಿಂಗಳ ನಂತರ ಇಂಥ ದಿನದಿಂದ ಹಳೇ ಸಂಬಳ ತಾನಾಗಿಯೇ ಜಾರಿಗೆ ಬರುತ್ತದೆ. ಮುಂದುವರಿಸಬೇಕಾದರೆ ಹೊಸ ಪತ್ರ, ಹೊಸ ಒಪ್ಪಿಗೆ ಬೇಕು" ಅಂತ ಬರೆಯಿರಿ. ಇನ್ನೊಂದು ಸಾಲು ಸೇರಿಸಿ: ಮುಂದಿನ ಇನ್‌ಕ್ರಿಮೆಂಟ್ ಹಳೇ ಸಂಬಳದ ಮೇಲೆ.

ಸಣ್ಣ_ಮಾಲೀಕಳು:

ಇನ್ನೂ ಒಂದು. ಈ ಆರು ತಿಂಗಳಲ್ಲಿ ಯಾರಾದರೂ ಬಿಟ್ಟು ಹೋದರೆ, ಅಥವಾ ಕಂಪನಿಯೇ ಮುಚ್ಚಬೇಕಾಗಿ ಬಂದರೆ, ಕೊನೆಯ ಲೆಕ್ಕ ಯಾವ ಸಂಬಳದ ಮೇಲೆ? ಕೊನೆಯದಾಗಿ ಪಡೆದ ಸಂಬಳದ ಮೇಲೆ ಪರಿಹಾರ ಕಟ್ಟುವ ಪದ್ಧತಿ ಬಹಳ ಕಡೆ ಇದೆ. ಹಳೇ ಸಂಬಳದ ಮೇಲೆ ಅಂತ ಸ್ಪಷ್ಟವಾಗಿ ಬರೆಯಿರಿ. ಒಬ್ಬೊಬ್ಬರಿಂದಲೂ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಒಪ್ಪಿಗೆ ಇಲ್ಲದೆ ಸಂಬಳ ಕಡಿದರೆ ಕರಾರು ಮುರಿದ ಹಾಗೆ ಅಂತ ಹಲವು ದೇಶಗಳ ಕಾನೂನು ಹೇಳುತ್ತದೆ. ಪತ್ರ ಹೊರಗೆ ಹೋಗುವ ಮೊದಲು ಕಾರ್ಮಿಕ ಕಾನೂನು ಗೊತ್ತಿರುವ ವಕೀಲರಿಗೆ ಒಮ್ಮೆ ತೋರಿಸಿ.

"ಯಾರನ್ನೂ ತೆಗೆಯುವುದಿಲ್ಲ" ಅನ್ನುವ ಮಾತು ಉಳಿಸಿಕೊಳ್ಳಲು ಆಗುತ್ತದಾ ಅಂತ ಮಾಲೀಕರನ್ನು ಮತ್ತೊಮ್ಮೆ ಕೇಳಿ. ಸಂಬಳವನ್ನೂ ಕಡಿದು ಮೂರನೇ ತಿಂಗಳಲ್ಲಿ ಜನರನ್ನೂ ತೆಗೆದರೆ ಆಮೇಲೆ ನಿಮ್ಮ ಯಾವ ಪತ್ರವನ್ನೂ ಯಾರೂ ನಂಬುವುದಿಲ್ಲ. ಖಾತ್ರಿ ಇಲ್ಲದಿದ್ದರೆ ಆ ಸಾಲು ಬರೆಯಲೇಬೇಡಿ.

ನಡುವೆ_ಸಿಕ್ಕವನು:

ತಾರೀಖು ಹಾಕಿದೆ. ಇನ್‌ಕ್ರಿಮೆಂಟ್, ಕೊನೆಯ ಲೆಕ್ಕ ಎರಡೂ ಹಳೇ ಸಂಬಳದ ಮೇಲೆ ಅಂತ ಸೇರಿಸಿದೆ. "ತೆಗೆಯುವುದಿಲ್ಲ" ಅನ್ನುವ ಸಾಲಿಗೆ ಮಾಲೀಕರು ಆರು ತಿಂಗಳಿಗೆ ಒಪ್ಪಿದರು, ಅದಕ್ಕಿಂತ ಮುಂದಕ್ಕೆ ಒಪ್ಪಲಿಲ್ಲ. ಹಾಗೇ ಬರೆದಿದ್ದೇನೆ. ಸೋಮವಾರ ಮೊದಲು ಮೇಲಿನ ಹತ್ತು ಜನರ ಜೊತೆ ಕೂರುತ್ತೇವೆ, ಅವರು ಒಪ್ಪಿದ ಮೇಲೆ ಉಳಿದವರಿಗೆ ಮಾಲೀಕರೇ ಹೇಳುತ್ತಾರೆ. ಕಾಲು ಗಂಟೆಯಲ್ಲಿ ಮುಗಿಸಬೇಡಿ ಅಂತ ಹೇಳಿದ್ದೇನೆ.

ಗೇಟ್_ಪಾಸ್:

ಆ ಎಂಟು ಜನ?

ನಡುವೆ_ಸಿಕ್ಕವನು:

ಆರು ಜನಕ್ಕೆ ವಾರಕ್ಕೆ ನಾಲ್ಕು ದಿನದ ಕೆಲಸ ಹೊಂದಿಸಿದ್ದೇನೆ. ನಾವು ಗುರಿಗಿಂತ ಮೇಲೆ ಉಳಿಸಿದ 6 ಅಲ್ಲೇ ಖರ್ಚಾಗುತ್ತದೆ, ಅದೂ ಸಾಲದು. ಉಳಿದದ್ದನ್ನು ವಸೂಲಿಯಿಂದ ತುಂಬಬೇಕು. ಇಬ್ಬರಿಗೆ ಜಾಗ ಸಿಕ್ಕಿಲ್ಲ.

ಗೇಟ್_ಪಾಸ್:

ಹಾಗಾದರೆ ನಿಮ್ಮ ಪತ್ರದಲ್ಲಿ "ಯಾರನ್ನೂ" ಅಂತ ಇರುವ ಕಡೆ "ಕಾಯಂ ನೌಕರರನ್ನು" ಅಂತ ತಿದ್ದಿ. ಆ ಇಬ್ಬರೂ ಅದನ್ನು ಓದುತ್ತಾರೆ.